ಎರಡು ಜೋಡಿ ಕೈಗಳಿಗೆ ನೀವು ಕೊಟ್ಟ ಪ್ರಶಸ್ತಿ

ಗದಗ, ಫೆಬ್ರವರಿ ೩೦, ೨೧೮೭

ತುಂಗಭದ್ರಾ ಸೀಮೆಯ ಚಿತ್ರವಿಮರ್ಶಕರ ಬಳಗದ ಹಿರಿಯರಿಗೆ ಮಿಂಚವ್ವ ಕಮ್ಮಾರಳ ನಮಸ್ಕಾರಗಳು.

ಮೇಲಿನ ತಾರೀಖು ನಿಮಗೆ ತಪ್ಪೆನಿಸಬಹುದು. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೂ ಕ್ಷಮಿಸಬೇಕು. ನಾನು ಕಿವುಡಿ. ನಾನು ಯೋಚಿಸುವುದು ಕೈಮಾತಿನಲ್ಲಿ, ಅಂದರೆ ಕೈ, ಹುಬ್ಬು, ಭುಜಗಳಿಂದ ಆಡುವ ಭಾಷೆಯಲ್ಲಿ. ಬರೆಯುವಾಗ ಮಾತ್ರ ಅದನ್ನು ಕನ್ನಡಕ್ಕೆ ತರುತ್ತೇನೆ.

ನಮ್ಮ ಗದಗದಲ್ಲಿ ಈಗ ಪೇಟೆಯೆಲ್ಲ ಚಪ್ಪರಪೇಟೆ. ಬಿಸಿಲು ತಡೆಯಲಾರದೆ ಬೀದಿಗಳ ಮೇಲೆ ಈ ತುದಿಯಿಂದ ಆ ತುದಿಗೆ ಬಟ್ಟೆ ಹೊದಿಸಿದ್ದೇವೆ. ಮನೆಗಳಿಗೆ ಕರೆಗಂಟೆಯ ಬದಲು ದೀಪ. ಬಾಗಿಲಲ್ಲಿ ಯಾರಾದರೂ ಒತ್ತಿದರೆ ಒಳಗೆ ಗೋಡೆ ಬೆಳಗುತ್ತದೆ. ಕಾಯಿಪಲ್ಲೆ ಮಾರುವವಳು ನಮ್ಮತ್ತ ಮುಖ ತಿರುಗಿಸಿಯೇ ಬೆಲೆ ಹೇಳುತ್ತಾಳೆ, ಚೌಕಾಸಿ ಮಾಡಲು ಕೈಯಲ್ಲಿದ್ದ ಬದನೆಕಾಯಿ ಕೆಳಗಿಡುತ್ತಾಳೆ. ಬಸ್ಸಿನಲ್ಲಿ ಕೆಲವು ಆಸನಗಳು ಎದುರುಬದುರಾಗಿವೆ, ನಾವು ಮಾತಾಡುತ್ತ ಹೋಗಲಿ ಎಂದು. ಗಾಳಿಯಂತ್ರ ರಿಪೇರಿ ಮಾಡುವವರು ಕಿವಿ ಕೇಳುವವರಾದರೂ ಆ ಸದ್ದಿನಲ್ಲಿ ಕೈಮಾತನ್ನೇ ಆಡುತ್ತಾರೆ. ಚಪ್ಪರವೊಂದು ಬಿಟ್ಟು ಇದೆಲ್ಲ ನಿಮ್ಮಿಂದ ಬಂದದ್ದು ಎಂದರೆ ನೀವು ನಂಬಲಿಕ್ಕಿಲ್ಲ. ಹೇಗೆಂದು ಹೇಳುತ್ತೇನೆ.

ನಾನು ಹುಟ್ಟುವ ಹೊತ್ತಿಗೆ ಕಿವುಡು ಎಂಬುದೇ ಇರಲಿಲ್ಲ. ಕೇಳದ ಕೂಸಿಗೆ ಕಿವಿಬೀಜ ನೆಡುತ್ತಿದ್ದರು. ಅದು ಕಿವಿಯೊಳಗೆ ಬೇರೂರಿ ಸದ್ದನ್ನು ನರಕ್ಕೆ ಮುಟ್ಟಿಸುವ ಸಣ್ಣ ಯಂತ್ರ. ಒಳ್ಳೆಯದೇ. ಆದರೆ ಎರಡು ತಲೆಮಾರು ಯಾರೂ ಆಡದೆ ಕೈಮಾತು ಸತ್ತುಹೋಗಿತ್ತು. ಆಮೇಲೆ ಮೌನಜ್ವರ ಬಂತು. ಅದು ಮಕ್ಕಳ ಕಿವಿಯ ನರವನ್ನೇ ಸುಡುತ್ತಿತ್ತು. ಬೀಜ ಬೇರೂರಲು ಜಾಗವೇ ಇರಲಿಲ್ಲ. ನಮ್ಮ ಓಣಿಯೊಂದರಲ್ಲೇ ಮನೆಗೊಂದು ಕೂಸು ಕಿವುಡಾಯಿತು. ನನಗಾಗ ನಾಲ್ಕು ವರ್ಷ. ಮೊದಲು ಕಲಿತ ಮಾತುಗಳೂ ಒಂದೊಂದಾಗಿ ಮರೆತುಹೋದವು. ಅವ್ವ ನನ್ನ ಮುಂದೆ ಕೂತು ಬಾಯಿ ದೊಡ್ಡದಾಗಿ ತೆರೆದು ಏನೋ ಹೇಳುತ್ತಿದ್ದಳು. ಅವಳು ಬೈಯುತ್ತಿದ್ದಾಳೆಂದೇ ತಿಳಿದು ನಾನು ಅವಳ ಕೈ ಕಚ್ಚುತ್ತಿದ್ದೆ. ಹಸಿವು, ಹೊಟ್ಟೆನೋವು, ಹೆದರಿಕೆ ಎಲ್ಲಕ್ಕೂ ನನ್ನಲ್ಲಿ ಇದ್ದದ್ದು ಅಳು ಒಂದೇ.

ನನ್ನ ಸೋದರತ್ತೆ ರತ್ನಾಬಾಯಿ ಚಿತ್ರಕಣಜದಲ್ಲಿ ಕೆಲಸಕ್ಕಿದ್ದಳು. ಹಳೆಯ ಸಿನಿಮಾಗಳನ್ನು ಗಾಜಿನ ಹಲಗೆಗಳ ಮೇಲೆ ಕೊರೆದು ಕಾಪಾಡುವ ಜಾಗ ಅದು. ನಿಮ್ಮ ಕಾಲದ ಚಿತ್ರಗಳು ಬಹುಪಾಲು ಉಳಿದಿಲ್ಲ; ದೊಡ್ಡ ಸೆಖೆಯ ವರ್ಷ ಯಂತ್ರಗಳು ಕೆಟ್ಟು ಎಲ್ಲ ಅಳಿಸಿಹೋದವು. ಗಾಜಿನ ಮೇಲೆ ಏರಿದ್ದವು ಮಾತ್ರ ಉಳಿದವು. ಯಾರಾದರೂ ಇದು ಉಳಿಯಲಿ ಎಂದು ಆರಿಸಿದ್ದರೆ ಮಾತ್ರ ಅವು ಗಾಜಿಗೆ ಏರುತ್ತಿದ್ದವು. ಅತ್ತೆ ಹುಡುಕಿ ಹುಡುಕಿ ಕೈಮಾತಿನ ಒಂದು ಸಾಕ್ಷ್ಯಚಿತ್ರ ಹಿಡಿದಳು. ಅದರ ಜೊತೆ ನಿಮ್ಮ ತೀರ್ಪುಗಾರರ ಸಭೆಯ ಧ್ವನಿಮುದ್ರಣವೂ ಇತ್ತು. ನನಗೆ ಕೇಳದು, ಅತ್ತೆ ಬರೆದುಕೊಟ್ಟಳು, ದೊಡ್ಡವಳಾದ ಮೇಲೆ ಓದಿದೆ.

ಆ ಚಿತ್ರ ಮಾಡಿದ ಜೈಬುನ್ನಿಸಾ ನದಾಫ್ ಮದುವೆಗಳ ವಿಡಿಯೊ ತೆಗೆದು ಬದುಕುತ್ತಿದ್ದವಳು. ಬೆಟಗೇರಿಯಲ್ಲಿ ಬ್ಲೌಸು ಹೊಲಿಯುತ್ತಿದ್ದ ಕಿವುಡ ಅಕ್ಕತಂಗಿಯರು ಗುರುಬಸವ್ವ ಮತ್ತು ಶಕುಂತಲಾ ಸಿಂಪಿ. ಅವರ ಅಂಗಡಿಯಲ್ಲಿ ರವಿವಾರ ಸುತ್ತಲಿನ ಕಿವುಡರೆಲ್ಲ ಸೇರುತ್ತಿದ್ದರು. ಜೈಬು ಅದನ್ನೇ ಸಿನಿಮಾ ಮಾಡಿದಳು. ಹಾಡಿಲ್ಲ, ಹಿನ್ನೆಲೆಯಲ್ಲಿ ವಿವರಿಸುವ ದನಿ ಇಲ್ಲ. ಕೆಳಗೆ ಕನ್ನಡದ ಸಾಲುಗಳು ಮಾತ್ರ. ಚಿತ್ರೋತ್ಸವಗಳು ಅದನ್ನು ಹಿಂದಕ್ಕೆ ಕಳಿಸಿದ್ದವು. ನಿಮ್ಮ ಬಳಗಕ್ಕೆ ಕಳಿಸುವುದೇ ಕೊನೆ ಎಂದುಕೊಂಡಿದ್ದಳಂತೆ.

ನಿಮ್ಮ ಸಭೆಯಲ್ಲೂ ಅದು ಬಿದ್ದೇಹೋಗುವುದರಲ್ಲಿತ್ತು. ಅಧ್ಯಕ್ಷ ಮುರಿಗೆಪ್ಪ ಹಂಚಿನಾಳ ಅವರೇ, ತಮ್ಮ ಮಾತು ಹೀಗಿದೆ: “ಕ್ಯಾಮೆರಾ ಇಟ್ಟ ಜಾಗಾ ಬಿಟ್ಟು ಅಲುಗೂದಿಲ್ರೀ. ಅಕ್ಕತಂಗೀ ಒಂದು ಬ್ಲೌಸಿನ ತೋಳಿನ ಸಲವಾಗಿ ಜಗಳಾಡತಾರ, ಆಡತಾರ, ಮುಗಿಯೂದ ಇಲ್ಲ. ಇದಕ್ಕ ಹೆಂಗ ಪ್ರಶಸ್ತಿ ಕೊಡೂದು?”

ಆಗ ಸುಲೋಚನಾ ಬಳಿಗಾರ ಅವರೇ, ನೀವು ಕೇಳಿದಿರಿ: “ನಾವು ಮಾತಾಡೂ ಮುಂದ ಯಾರರೆ ನಡುವ ಬಾಯಿ ಮುಚ್ಚಿದ್ರ ಹೆಂಗ ಅನಸ್ತದ ಸರ್?”

“ಅದಕ್ಕೂ ಇದಕ್ಕೂ ಏನ್ ಸಂಬಂಧರೀ?”

“ಅವ್ರ ಮಾತು ಇರೂದು ಕೈಯಾಗ. ಚಂದ ಕಾಣ್ಲಿ ಅಂತ ಈಕಿ ಅವ್ರ ಮಾರಿ ಅಷ್ಟ ತೋರ್ಸಿದ್ರ ಮಾತು ತುಂಡಾಕ್ಕಿತ್ತು. ಒಂದ್ ಸಲಾನೂ ಕೈ ಬಿಟ್ಟಿಲ್ಲ ಈ ಹುಡಿಗಿ. ಸೌಂಡ್ ಬಂದ್ ಮಾಡಿ ಇನ್ನೊಮ್ಮೆ ನೋಡೂಣ್ರಿ.”

ಮುಂದೆ ಮುದ್ರಣದಲ್ಲಿ ಬಹಳ ಹೊತ್ತು ಏನೂ ಇಲ್ಲವಂತೆ. ಕುರ್ಚಿ ಸರಿದ ಸಪ್ಪಳ, ಒಮ್ಮೆ ಯಾರೋ ನಕ್ಕಿದ್ದು. ಆಮೇಲೆ ಮುರಿಗೆಪ್ಪನವರ ದನಿ: “ತಂಗೀದ ಖರೇ ಅದ ಬಿಡ್ರಿ. ತೋಳು ಗಿಡ್ಡ ಆಗೇದ.” ಸುಲೋಚನಾ ಬಾಯಿಯವರೇ, ಪಟ್ಟು ಬಿಡದಿದ್ದಕ್ಕೆ ನಿಮಗೆ ಋಣಿ. ಮುರಿಗೆಪ್ಪನವರೇ, ಇನ್ನೊಮ್ಮೆ ನೋಡಿ ಮನಸ್ಸು ಬದಲಿಸಿದಿರಲ್ಲ, ಅದಕ್ಕೆ ನಾನು ಇನ್ನೂ ಹೆಚ್ಚು ಋಣಿ. ಪ್ರಶಸ್ತಿ ಬಂದ ಚಿತ್ರದ ಒಂದು ಪ್ರತಿ ಬಳಗದಲ್ಲಿರಬೇಕೆಂಬ ನಿಯಮ ನಿಮ್ಮದಿತ್ತು. ಆ ಪ್ರತಿಯೇ ಮುಂದೆ ಗಾಜಿಗೆ ಏರಿತು.

ಅತ್ತೆ ಓಣಿಯ ತಾಯಂದಿರನ್ನೂ ನಮ್ಮನ್ನೂ ಕಣಜಕ್ಕೆ ಕರೆದುಕೊಂಡು ಹೋದಳು. ಪರದೆಯ ಮೇಲೆ ಇಬ್ಬರು ಹೆಂಗಸರು ಕೈಯಾಡಿಸುತ್ತಿದ್ದರು. ನಾವು ಮಕ್ಕಳು ಎದ್ದು ಪರದೆಯ ಹತ್ತಿರವೇ ಹೋಗಿ ನಿಂತೆವು. ತಾಯಂದಿರು ಕೆಳಗಿನ ಸಾಲು ಓದಿ, ಮೇಲಿನ ಕೈ ನೋಡಿ, ತಮ್ಮ ಕೈಯಲ್ಲಿ ಅದನ್ನೇ ಮಾಡಿ ನಮಗೆ ತೋರಿಸಿದರು. ದಿನವೂ ಹೋದೆವು. ಒಂದು ಮುಂಜಾನೆ ಅವ್ವ ನನ್ನ ಕೂದಲು ಎಳೆದು ಬಾಚುತ್ತಿದ್ದಾಗ ನಾನು ತಿರುಗಿ ಶಕುಂತಲಾ ಮಾಡಿದಂತೆಯೇ ಕೈ ಮಾಡಿದೆ: ನೀನು ಯಾವಾಗಲೂ ಹೀಗೇ! ಅವ್ವ ಬಾಚಣಿಗೆ ಕೈಬಿಟ್ಟಳು. ಆಮೇಲೆ ಗುರುಬಸವ್ವನ ಉತ್ತರವನ್ನೇ ಕೈಯಲ್ಲಿ ಹೇಳಿದಳು: ಹಾಗಾದರೆ ನೀನೇ ಮಾಡಿಕೋ. ಇಬ್ಬರೂ ನಕ್ಕೆವು, ಅವಳು ಅತ್ತಳು. ನನಗೆ ಅವ್ವ ಸಿಕ್ಕದ್ದು ಆವತ್ತು.

ಒಂದು ಸಿನಿಮಾದಲ್ಲಿ ಇಡೀ ಭಾಷೆ ಇರುವುದಿಲ್ಲ. ಇಲ್ಲದ್ದನ್ನು ನಾವು ಮಕ್ಕಳೇ ಆಡುತ್ತ ಕಟ್ಟಿಕೊಂಡೆವು. ಆದರೂ ನಮ್ಮ ಮಾತಿನಲ್ಲಿ ಹೊಲಿಗೆಯ ಅಂಗಡಿ ಇನ್ನೂ ಇದೆ. ‘ತಡಿ’ ಎನ್ನಲು ದಾರ ಹಿಡಿದಂತೆ ಬೆರಳು ಕೂಡಿಸುತ್ತೇವೆ. ‘ಮುಗೀತು’ ಎಂದರೆ ಕತ್ತರಿ. ಸೂಜಿಯನ್ನೇ ಕಾಣದ ನನ್ನ ಮೊಮ್ಮಕ್ಕಳೂ ಹಾಗೆಯೇ ಮಾಡುತ್ತಾರೆ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷವೂ ಯಾರೂ ಬೇಡವೆಂದ ಚಿತ್ರವೊಂದು ನಿಮ್ಮ ಮೇಜಿಗೆ ಬರುತ್ತದೆ. ನಿಮಗೆ ಬೇಸರವಾಗುತ್ತದೆ, ಊಟದ ಹೊತ್ತೂ ಆಗಿರುತ್ತದೆ. ಆದರೂ ಪೂರ್ತಿ ನೋಡಿ. ಬಹುಶಃ ಅದು ನಿಜವಾಗಿಯೂ ಕೆಟ್ಟ ಚಿತ್ರವೇ ಇರಬಹುದು, ಆದರೂ ನೋಡಿ.

ಕಳೆದ ತಿಂಗಳು ಅವ್ವ ತೀರಿಕೊಂಡಳು. ಕೊನೆಗೆ ಉಸಿರಿಗೆಂದು ಅವಳ ಬಾಯಿಗೆ ನಳಿಗೆ ಹಾಕಿದ್ದರು. ಕಿವಿ ಕೇಳುವ, ದೂರದ ಊರುಗಳಲ್ಲಿದ್ದು ಕೈಮಾತು ಮರೆತ ನನ್ನ ಅಣ್ಣಂದಿರು ಅವಳ ಮಾತು ತಿಳಿಯದೆ ಸುತ್ತ ನಿಂತಿದ್ದರು. ಅವಳು ನನ್ನತ್ತ ನೋಡಿ ಕೈ ಎತ್ತಿದಳು. ಕಿಟಕಿ ತೆಗೆ ಎಂದಳು. ಅಣ್ಣಂದಿರು ಉಂಡರೇ ಎಂದು ಕೇಳಿದಳು. ನಾನು ಬಡಕಲಾಗಿದ್ದೇನೆಂದು ಬೈದಳು, ತನ್ನ ಚಿಕ್ಕಂದಿನ ಗೆಳತಿಯೊಬ್ಬಳ ಸುದ್ದಿ ತೆಗೆದು ತಾನೇ ನಕ್ಕಳು. ಬೆರಳು ಸೋಲುವ ತನಕ, ಆ ಮಧ್ಯಾಹ್ನವೆಲ್ಲ, ನಾವಿಬ್ಬರೂ ಮಾತಾಡಿದೆವು.