ಹಸಿರು ಬರುವವರೆಗೆ

ಬಟವಾಡಿ, ತುಮಕೂರು
೨೪ ಜೂನ್ ೨೦೨೫

ಅನನ್ಯಳ ಅಪ್ಪನಿಗೆ ಶಾಂತಲಾ ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಹಿಮಾಚಲದ ಚಳಿಗೆ ಸ್ವೆಟರ್ ಹಾಕಿಕೊಳ್ಳಿ ಎಂದರೆ ನಿಮಗೆ ಹಟ. ಸುರಂಗದ ಕೆಲಸಕ್ಕೆ ಹೋದ ಮೇಲೆ ನಿಮ್ಮ ಫೋನು ಸಿಗುವುದೇ ಅಪರೂಪ, ಅದಕ್ಕೇ ಈ ಕಾಗದ. ಚಿಕ್ಕವಳು ಅಪೇಕ್ಷಾಗೆ ಕುಣಿಗಲ್ಲಿನ ಪಿಯು ಕಾಲೇಜಿನ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತು. ಹೊಸ ಕಟ್ಟಡ. ಮೇಲಿನ ಮಹಡಿ ಇನ್ನೂ ಕಟ್ಟುತ್ತಿದ್ದಾರೆ, ಕೆಳಗಿನ ರೂಮುಗಳಿಗೆ ಆಗಲೇ ಮಕ್ಕಳನ್ನು ಬಿಟ್ಟಿದ್ದಾರೆ. ಮೊನ್ನೆ ಟ್ರಂಕು, ಚಕ್ಕುಲಿ ಡಬ್ಬ ಇಟ್ಟು ಬಂದೆ. ಮಹಾರಾಯ್ತಿ ಗೇಟಿನವರೆಗೂ ಬರಲಿಲ್ಲ, ಅಷ್ಟರಲ್ಲಿ ಗೆಳತಿಯರು ಸಿಕ್ಕಿದ್ದರು.

ದೊಡ್ಡವಳು ಅನನ್ಯಳದ್ದೇ ಚಿಂತೆ. ಅವಳು ಸೇರಿರುವ ವಸಂತನರಸಾಪುರದ ಟೆಸ್ಟಿಂಗ್ ಲ್ಯಾಬಿಗೆ ಊರೂರಿನ ಕಟ್ಟಡಗಳಿಂದ, ಮಾದರಿಗೆಂದು ಅಚ್ಚು ಹಾಕಿದ ಕಾಂಕ್ರೀಟಿನ ಕ್ಯೂಬುಗಳು ಬರುತ್ತವೆ. ಮೆಷಿನ್ನಿನಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆದವು ಎಂದು ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ನಿನ್ನೆ ಊಟಕ್ಕೆ ಕೂತಾಗ ಹೋದ ತಿಂಗಳ ಮಾತೊಂದನ್ನು ನಗುತ್ತಾ ಹೇಳಿದಳು. "ಒಂದು ಸ್ಲ್ಯಾಬಿಂದು ಎರಡು ಕ್ಯೂಬ್ ರಸ್ಕ್ ಥರ ಪುಡಿಯಾಯ್ತು ಕಣಮ್ಮ. ಮೂರನೇದು ಪಾಸ್. ಅದನ್ನೇ ಹಾಕ್ದೆ." ಉಳಿದೆರಡು ಏನಾದವು ಎಂದೆ. "ಕಾಲೇಜಲ್ಲೂ ಹಂಗೇ ಅಲ್ವಾ? ಕೆಂಪು ಬಂದ್ರೆ ರೀಸೆಟ್, ಹಸಿರು ಬರೋವರ್ಗೂ."

ನಿಮಗೆ ನೆನಪಿರಬೇಕು. ಕಾಲೇಜಿನ ಮೆಷಿನ್ನಿಗೆ ಹೊದಿಕೆ ಹೊದಿಸಿಟ್ಟಿದ್ದರು. ಇವಳು ನಮ್ಮ ನಡುಮನೆಯಲ್ಲೇ ಕೂತು ಲ್ಯಾಪ್‌ಟಾಪಿನ ಪರದೆಯ ಮೇಲೆ ಕ್ಯೂಬು ಒಡೆಯುತ್ತಿದ್ದಳು, ಫೇಲಾದರೆ ಕೆಂಪು, ಪಾಸಾದರೆ ಹಸಿರು. ಕೈಗೆ ಸಿಮೆಂಟು ಅಂಟದೆ ಮಗಳು ಇಂಜಿನಿಯರ್ ಆಗುತ್ತಿದ್ದಾಳೆ ಎಂದು ಇಬ್ಬರೂ ಹಿಗ್ಗಿದೆವು. ಅವಳು ಮೋಸ ಮಾಡುವ ಹುಡುಗಿಯಲ್ಲ, ನನಗೆ ಹೆದರಿಕೆಯಾಗಿರುವುದೇ ಅದಕ್ಕೆ. ಮೋಸ ಮಾಡುವವರಿಗೆ ಒಳಗೊಂದು ಅಳುಕಾದರೂ ಇರುತ್ತದೆ. ಇವಳು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.

ಯಾವ ಕಟ್ಟಡದ್ದು ಎಂದು ಕೇಳಿದರೆ, "ಗೊತ್ತಿಲ್ಲಮ್ಮ, ಬರೀ ನಂಬರ್ ಇರುತ್ತೆ." ನಾನು ರೇಗಿದೆ. ಮುಖ ಸಪ್ಪಗೆ ಮಾಡಿಕೊಂಡು, ವಿಚಾರಿಸಿ ಬರುತ್ತೇನೆ ಎಂದು ಇವತ್ತು ಹೋಗಿದ್ದಾಳೆ. ಗುಬ್ಬಿಯ ಛತ್ರದ್ದೋ, ಶಿರಾ ಗೇಟಿನ ಅಂಗಡಿಯದ್ದೋ. ಬೆಳಿಗ್ಗೆ ತರಕಾರಿಗೆ ಹೋದವಳು ಹೊಸ ಕಟ್ಟಡ ಕಂಡಲ್ಲೆಲ್ಲ ತಲೆಯೆತ್ತಿ ನೋಡಿಕೊಂಡು ಬಂದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಂಡಿಗೆ ಎಣ್ಣೆ ತಪ್ಪಿಸಬೇಡಿ.

ನಿಮ್ಮ
ಶಾಂತಲಾ

ತಾ.ಕ.: ಅನನ್ಯ ಈಗ ಬಂದಳು. ಅದು ಕುಣಿಗಲ್ಲಿನ ಹಾಸ್ಟೆಲ್ಲಿನ ಸ್ಲ್ಯಾಬಂತೆ, ನಮ್ಮ ಅಪೇಕ್ಷಾ ಇರುವುದೇ. ಇವಳ ರಿಪೋರ್ಟ್ ನೋಡಿಯೇ ಆಸರೆಗೆ ಕೊಟ್ಟ ಕಂಬಗಳನ್ನು ತೆಗೆದು ಮಕ್ಕಳನ್ನು ಒಳಗೆ ಬಿಟ್ಟಿದ್ದಾರೆ. ಲ್ಯಾಬಿನವರು "ಹೋಗಿರೋ ರಿಪೋರ್ಟ್ ಹೋಯ್ತು, ಸುಮ್ನಿರಮ್ಮ" ಎಂದರಂತೆ. ಅಲ್ಲಿ ಮಕ್ಕಳು ಫೋನ್ ಇಟ್ಟುಕೊಳ್ಳುವಂತಿಲ್ಲ, ವಾರ್ಡನ್ ಎತ್ತುತ್ತಿಲ್ಲ, ನಿಮ್ಮದೂ ಸಿಗುತ್ತಿಲ್ಲ. ನಾವಿಬ್ಬರೂ ಕುಣಿಗಲ್ ಬಸ್ಸಿಗೆ ಹೊರಟೆವು, ಇದನ್ನು ದಾರಿಯಲ್ಲೇ ಡಬ್ಬಕ್ಕೆ ಹಾಕುತ್ತೇನೆ. ಮೊನ್ನೆ ನಾನು ಹೋದಾಗ ಅವಳ ಮಂಚದ ನೇರಕ್ಕೆ, ಮೇಲೆ, ಇಟ್ಟಿಗೆ ಪೇರಿಸುತ್ತಿದ್ದರು.