ಸಿಕ್ಕಿತು ಅಕ್ಕನ ಗಡಿಕಲ್ಲು

ರೀ,

ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲು ಕಾಣ್ತಿಲ್ಲ ಅಂತ ಬೊಬ್ಬೆ ಹೊಡೀಬೇಡಿ. ಮೊದಲು ಇದನ್ನು ಓದಿ.

ಮೂಲೆಯ ಗಡಿಕಲ್ಲು ಕಾಣೆಯಾಗಿದೆ ಅಂತ ತಾನೇ ನಿಮ್ಮಕ್ಕನ ಜಾಗದ ಮಾರಾಟ ಒಂದು ವರ್ಷದಿಂದ ನಿಂತಿದ್ದು? ಪಕ್ಕದ ಜಾಗದವರನ್ನು ನೀವು ಕಳ್ಳರು ಅಂತ ಬೈದದ್ದೂ ಅದಕ್ಕೇ. ಬೆಳಿಗ್ಗೆ ಪಾಚಿ ಉಜ್ಜೋಣ ಅಂತ ಒಗೆಯೋ ಕಲ್ಲನ್ನು ಮಗುಚಿದೆ. ಅಡಿಯಲ್ಲಿ ಸರ್ವೆಯವರು ಕೊರೆದ ನಂಬರು, ಅದೂ ಅಕ್ಕನ ಜಾಗದ್ದೇ! "ಒಳ್ಳೆ ಕಲ್ಲು, ಸುಮ್ಮನೆ ಬಿದ್ದಿತ್ತು" ಅಂತ ಹತ್ತು ವರ್ಷದ ಹಿಂದೆ ಹೊತ್ತು ತಂದ ಮಹಾನುಭಾವರು ಯಾರು ಸ್ವಾಮಿ?

ಅಕ್ಕನಿಗೆ ಫೋನ್ ಮಾಡಿದೆ. ಬೈತಾರೆ ಅಂದ್ಕೊಂಡರೆ, ಬಿದ್ದು ಬಿದ್ದು ನಕ್ಕು, "ಅವನು ಚಿಕ್ಕಂದಿನಿಂದ ಹಾಗೇ ಕಣೇ" ಅಂದರು. ಅವರಿಗೆ ನಿನ್ನೆ ಮೊಮ್ಮಗಳು ಹುಟ್ಟಿದ್ದಾಳೆ. ನೀವೂ ತಾತ ಆದಿರಿ! ಜಾಗದ ಮಾರಾಟದ ಪತ್ರಕ್ಕೆ ರುಜು ಹಾಕೋಕೆ ಬರುವಾಗ ಮಗುವನ್ನೂ ಕರ್ಕೊಂಡು ಬರ್ತಾರಂತೆ.

ಕಲ್ಲನ್ನು ಗಾಡಿಗೆ ಹಾಕಿಸಿಕೊಂಡು, ಸರ್ವೆಯವರ ಜೊತೆ ಜಾಗಕ್ಕೆ ಹೊರಟಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ. ತಿಂದು ನೇರ ಅಲ್ಲಿಗೇ ಬನ್ನಿ, ಎಲ್ಲಿಂದ ಎತ್ತಿದ್ದು ಅಂತ ನೀವೇ ತೋರಿಸಬೇಕು. ಪಕ್ಕದ ಜಾಗದವರೂ ಇರ್ತಾರೆ. ಮೀಸೆ ತಿರುವದೆ ತಪ್ಪಾಯ್ತು ಅನ್ನಿ.

ನೆನೆಸಿದ ಬಟ್ಟೆ ಬಕೆಟ್ಟಿನಲ್ಲೇ ಇದೆ. ಬರುವಾಗ ಒಗೆಯೋಕೆ ಇನ್ನೊಂದು ಕಲ್ಲು ನೋಡಿ. ಈ ಸಲ ಮಗುಚಿ ನೋಡಿ ತನ್ನಿ.