ಹಿಂದಿನ ಗೋಡೆಯಲ್ಲಿದ್ದ ಬಾಗಿಲು

ಅಪ್ಪ,

ನೀನು ತೀರಿಕೊಂಡ ಎರಡನೇ ವರ್ಷಕ್ಕೆ, ಇವತ್ತು ಬೆಳಿಗ್ಗೆ, ನಿನ್ನ ಬಂಗಲೆಯ ಹಿಂದಿನ ಗೋಡೆ ಒಡೆಸಿದೆ. ಬೈಯುವುದಾದರೆ ಪೂರ್ತಿ ಕೇಳಿ ಬೈಯಿ.

ಹಿತ್ತಲಲ್ಲಿ ನನ್ನ ಹೊಲಿಗೆ ಕೋಣೆ ಎದ್ದು ನಿಂತಿದೆ. ಮೂರು ಕಡೆ ಗಾಜು, ಮೇಲೆ ತಾರಸಿ. ಹಳೆ ಮನೆಯಿಂದ ಅದಕ್ಕೊಂದು ದಾರಿ ಮಾಡುವುದಷ್ಟೇ ಉಳಿದಿತ್ತು. ಹಿಂದೆ ಇದೇ ಕೋಣೆ ಕಟ್ಟಿಸೋಣ ಎಂದಾಗ "ನಾನಿರೋ ತನಕ ಈ ಗೋಡೆಗೆ ಸುತ್ತಿಗೆ ಬೀಳಲ್ಲ" ಎಂದು ನೀನು ಗುಡುಗಿದ್ದೂ, ನಾನು ಬಟ್ಟೆಬರೆ ಕಟ್ಟಿಕೊಂಡು ಹೊರಟಿದ್ದೂ ನೆನಪಾಗಿ ದೂರವೇ ನಿಂತಿದ್ದೆ.

ಗಾರೆ ಉದುರಿದ್ದೇ ತಡ, ಮೇಸ್ತ್ರಿ ಕೈ ನಿಲ್ಲಿಸಿದರು. "ಏನಮ್ಮಾ ಇದು? ಆಗಲೇ ಬಾಗಿಲಿಗೆ ಜಾಗ ಬಿಟ್ಟು, ಮೇಲೆ ಕಾಂಕ್ರೀಟ್ ತೊಲೆ ಕೂರಿಸಿದ್ದಾರೆ. ಕೆಳಗೆ ಸುಮ್ನೆ ಇಟ್ಟಿಗೆ ತುಂಬಿದ್ದಾರೆ ಅಷ್ಟೇ."

ನಾನು ಅಮ್ಮನ ಮುಖ ನೋಡಿದೆ.

"ನೀನು ಮನೆ ಬಿಟ್ಟ ಮೇಲೆ ಗೋಡೆ ಬಿರುಕು ಬಿಡ್ತು. ರಿಪೇರಿ ಮಾಡಿಸುವಾಗ ನಿಮ್ಮಪ್ಪನೇ ಈ ತೊಲೆ ಹಾಕಿಸಿದ್ರು," ಎಂದಳು. "'ಅವಳು ಹಠಮಾರಿ, ಇವತ್ತಲ್ಲ ನಾಳೆ ಒಡೆದೇ ಒಡೀತಾಳೆ. ಸೂರು ಅವಳ ತಲೆ ಮೇಲೆ ಬೀಳಬಾರ್ದು' ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅವರ ಫೋನ್ ಎತ್ತಿದ್ರೆ ತಾನೇ?"

ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆಗಳೆಲ್ಲ ಹೊರಬಂದವು. ಸೂರಿನ ಒಂದು ಹೆಂಚೂ ಅಲುಗಲಿಲ್ಲ. ಹೊಸ ಕೋಣೆಯ ಬೆಳಕು ಅಡುಗೆಮನೆಯವರೆಗೂ ಬಂತು. ಅಮ್ಮ ಕುರ್ಚಿ ಎಳೆದುಕೊಂಡು ಆ ಬೆಳಕಲ್ಲೇ ಕೂತಳು.

ಅಂದು ನಾನು ನನ್ನ ಹಳೆ ಕೋಣೆಯಲ್ಲೇ ಬಿಟ್ಟುಹೋದ, ಬಟ್ಟೆ ಕತ್ತರಿಸುವ ಆ ದೊಡ್ಡ ಮೇಜು ಗೊತ್ತಲ್ಲ? ಯಾವ ಬಾಗಿಲಲ್ಲೂ ಅದು ಓರೆ ಮಾಡದೆ ಹೋಗಿದ್ದಿಲ್ಲ. ಇವತ್ತು ನೇರವಾಗಿ ಹೋಯಿತು, ಎರಡೂ ಕಡೆ ಒಂದೊಂದು ಬೆರಳು ಜಾಗ ಬಿಟ್ಟು. ನಾನಿಲ್ಲದಾಗ ನೀನು ಟೇಪು ಹಿಡಿದು ಆ ಮೇಜು ಅಳೆಯಲು ನನ್ನ ಕೋಣೆಗೆ ಹೋಗಿದ್ದೆ, ಅಲ್ಲವೇ ಅಪ್ಪ?